ಬ್ಯಾಕಪ್ ಪ್ರತಿಗೂ ಆಯುಷ್ಯವುಂಟು: ಪಂಚಾಯತಿ ದತ್ತಾಂಶ ಅವಧಿ ಮುಗಿದು ಅಳಿಯದಂತೆ ಕಾಯುವ ಬಗೆ

ಪೀಠಿಕೆ

ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯು ಕ್ರಿ.ಶ. 543ರಲ್ಲಿ ಕೆತ್ತಿಸಿದ ಶಾಸನವೂ, ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಗುಡಿಯಲ್ಲಿರುವ ರವಿಕೀರ್ತಿಯ ಕ್ರಿ.ಶ. 634ರ ಶಾಸನವೂ ಇಂದಿಗೂ ಓದಲು ದೊರೆಯುತ್ತವೆ. ಕಲ್ಲಿನ ಬರಹಕ್ಕೆ ಯಾರೂ ಅವಧಿ ಗೊತ್ತುಪಡಿಸಿರಲಿಲ್ಲ. ಕಾಗದದ ವಹಿಗೆ ಗೆದ್ದಲಿನ ಭಯವಿದೆ, ನೀರಿನ ಭಯವಿದೆ. 2009 ಮತ್ತು 2019ರ ಪ್ರವಾಹಗಳನ್ನು ಕಂಡ ಮಲಪ್ರಭಾ ತೀರದ ಗ್ರಾಮಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಣಕದಲ್ಲಿರುವ ದಾಖಲೆಗೆ ಇನ್ನೊಂದು ಭಯವಿದೆ. ರಕ್ಷಣೆಗೆಂದೇ ತೆಗೆದಿರಿಸಿದ ಪ್ರತಿಯನ್ನು, ಗೊತ್ತುಪಡಿಸಿದ ದಿನ ಬಂದೊಡನೆ ಯಂತ್ರವೇ ಅಳಿಸಿಹಾಕುತ್ತದೆ. ಇದು ದೋಷವಲ್ಲ, ಯಂತ್ರಕ್ಕೆ ವಿಧಿಸಿದ ನಿಯಮದ ಪಾಲನೆ. ಆದುದರಿಂದ "ಬ್ಯಾಕಪ್ ಇದೆಯೇ?" ಎಂಬ ಪ್ರಶ್ನೆಯೊಂದಿಗೆ "ಎಲ್ಲಿಯವರೆಗೆ ಇರುತ್ತದೆ?" ಎಂಬುದನ್ನೂ ಸದಸ್ಯರು ಕೇಳತಕ್ಕದ್ದು.

1. ಪ್ರತಿಯನ್ನು ಏಕೆ ಅಳಿಸಲಾಗುತ್ತದೆ?

ಅನೇಕ ಗಣಕಗಳ ದತ್ತಾಂಶವನ್ನು ಪ್ರತಿದಿನ ನಕಲು ಮಾಡಿ ಒಂದೆಡೆ ಕಾಪಾಡುವ ದೊಡ್ಡ ಗಣಕಕ್ಕೆ ಬ್ಯಾಕಪ್ ಸರ್ವರ್ ಎನ್ನುತ್ತಾರೆ. ನಕಲುಗಳೆಲ್ಲವನ್ನೂ ಶಾಶ್ವತವಾಗಿ ಇರಿಸಿದರೆ ಡಿಸ್ಕ್ ತುಂಬಿ, ಹೊಸ ನಕಲಿಗೆ ಸ್ಥಳವೇ ಉಳಿಯುವುದಿಲ್ಲ. ಈ ಕಾರಣದಿಂದ ಪ್ರತಿಯೊಂದು ನಕಲಿಗೂ ಉಳಿಸುವ ಅವಧಿಯನ್ನು ನಿಗದಿಪಡಿಸಲಾಗುತ್ತದೆ.

ಉದಾಹರಣೆಗೆ, ಐಬಿಎಂ ಸ್ಟೋರೇಜ್ ಪ್ರೊಟೆಕ್ಟ್ ಎಂಬ ತಂತ್ರಾಂಶದಲ್ಲಿ ಯಾರೂ ಬದಲಾಯಿಸದಿದ್ದಲ್ಲಿ ಮೂಲ ನಿಯಮ ಹೀಗಿರುತ್ತದೆ: ಮೂಲ ಕಡತ ಇರುವವರೆಗೆ ಅದರ ಇತ್ತೀಚಿನ ಪ್ರತಿ ಉಳಿಯುತ್ತದೆ, ಅದರ ಹಿಂದಿನ ಪ್ರತಿ 30 ದಿನ ಉಳಿಯುತ್ತದೆ, ಮೂಲ ಕಡತವೇ ಅಳಿದುಹೋದರೆ ಕೊನೆಯ ಒಂದು ಪ್ರತಿ 60 ದಿನ ಮಾತ್ರ ಉಳಿಯುತ್ತದೆ. ನೆಟ್‌ಬ್ಯಾಕಪ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಒಂದು ವಾರದಿಂದ ಮೊದಲ್ಗೊಂಡು ಅನಂತ ಕಾಲದವರೆಗೆ ಬೇರೆಬೇರೆ ಮಟ್ಟಗಳಿದ್ದು, ನಿರ್ವಾಹಕರು ಅವುಗಳಲ್ಲಿ ಒಂದನ್ನು ಆರಿಸಬೇಕು.

2. ಒಂದು ಕಲ್ಪಿತ ಉದಾಹರಣೆ

ನದಿತೀರದ ಒಂದು ಗ್ರಾಮ ಪಂಚಾಯತಿಯಲ್ಲಿ, ನೆರೆ ಸಂತ್ರಸ್ತರಿಗೆ ಪುನರ್ವಸತಿ ನಿವೇಶನ ಹಂಚಿದ ಪಟ್ಟಿಯನ್ನು ಸ್ಕ್ಯಾನ್ ಮಾಡಿ ಇರಿಸಲಾಗಿತ್ತೆಂದು ಭಾವಿಸೋಣ. ಕಾಗದದ ಮೂಲಪ್ರತಿ ನೆರೆಯಲ್ಲಿ ಹಾಳಾಗಿದೆ. ಏಪ್ರಿಲ್ 10ರಂದು ಹಳೆಯ ಕಡತಗಳನ್ನು ತೆಗೆಯುವಾಗ ಸಿಬ್ಬಂದಿಯೊಬ್ಬರು ಆ ಸ್ಕ್ಯಾನ್ ಪ್ರತಿಯನ್ನೂ ಅರಿಯದೆ ಅಳಿಸಿದರು. ಅದೇ ರಾತ್ರಿ ಬ್ಯಾಕಪ್ ಸರ್ವರ್ ಅದನ್ನು ಗುರುತಿಸಿ 60 ದಿನಗಳ ಎಣಿಕೆಯನ್ನು ಆರಂಭಿಸಿತು. ಜೂನ್ 9ಕ್ಕೆ ಅವಧಿ ಮುಗಿಯಿತು. ಆಗಸ್ಟ್‌ನಲ್ಲಿ ಎರಡು ಕುಟುಂಬಗಳ ನಡುವೆ ಒಂದೇ ನಿವೇಶನದ ಬಗ್ಗೆ ತಕರಾರು ಬಂದಾಗ ಪಟ್ಟಿ ಎಲ್ಲಿಯೂ ದೊರೆಯಲಿಲ್ಲ. ಇಲ್ಲಿ ಬ್ಯಾಕಪ್ ಪ್ರತಿರಾತ್ರಿಯೂ ಸರಿಯಾಗಿಯೇ ನಡೆದಿತ್ತು. ಆದರೆ ಉಳಿಸುವ ಅವಧಿಯನ್ನು ದಾಖಲೆಯ ಅಗತ್ಯಕ್ಕೆ ತಕ್ಕಂತೆ ಯಾರೂ ನಿಗದಿಪಡಿಸಿರಲಿಲ್ಲ.

3. ಅಳಿಯದಂತೆ ತಡೆಯುವ ಕ್ರಮಗಳು

(ಅ) ದಾಖಲೆಯನ್ನು ವಿಂಗಡಿಸುವುದು. ದಿನನಿತ್ಯದ ಪತ್ರಕ್ಕೂ, ಇಳಕಲ್ ಸುತ್ತಲಿನ ಗ್ರಾಮದ ನೇಕಾರರು ಸಾಲಕ್ಕಾಗಿ ಬ್ಯಾಂಕಿಗೆ ಒಯ್ಯುವ ನಮೂನೆ-9 ಮತ್ತು 11ಎಗೂ ಒಂದೇ ಅವಧಿ ಸಲ್ಲದು. ಆಸ್ತಿ ದಾಖಲೆ, ಸಭಾ ನಡಾವಳಿ ಹಾಗೂ ಫಲಾನುಭವಿಗಳ ಪಟ್ಟಿಗಳನ್ನು ದೀರ್ಘಾವಧಿಯ ವರ್ಗಕ್ಕೆ ಸೇರಿಸಬೇಕು.

(ಆ) ತಡೆ ವಿಧಿಸುವುದು. ನ್ಯಾಯಾಲಯದ ದಾವೆ, ಲೆಕ್ಕಪರಿಶೋಧನಾ ಆಕ್ಷೇಪಣೆ ಅಥವಾ ಮಾಹಿತಿ ಹಕ್ಕು ಅರ್ಜಿ ಬಂದ ದಿನವೇ, ಸಂಬಂಧಿಸಿದ ಪ್ರತಿಯನ್ನು ಅಳಿಸದಂತೆ ನಿರ್ವಾಹಕರಿಗೆ ಲಿಖಿತವಾಗಿ ತಿಳಿಸಬೇಕು.

(ಇ) ಹಳೆಯ ಪ್ರತಿಗಳನ್ನು ಮರೆಯದಿರುವುದು. ನೆಟ್‌ಬ್ಯಾಕಪ್‌ನಲ್ಲಿ ನಿಯಮವನ್ನು ಬದಲಾಯಿಸಿದರೆ ಅದು ಮುಂದೆ ತೆಗೆಯುವ ಪ್ರತಿಗಳಿಗೆ ಮಾತ್ರ ಅನ್ವಯಿಸುತ್ತದೆ. ಈಗಾಗಲೇ ಇರುವ ಪ್ರತಿಗಳ ಮುಕ್ತಾಯ ದಿನಾಂಕವನ್ನು ಪ್ರತ್ಯೇಕವಾಗಿ ಮುಂದೂಡಬೇಕು. ಸ್ಟೋರೇಜ್ ಪ್ರೊಟೆಕ್ಟ್‌ನಲ್ಲಿ ಹೊಸ ನಿಯಮವನ್ನು ಜಾರಿಗೊಳಿಸಿದ ಮೇಲೆ ಉಳಿದಿರುವ ಹಳೆಯ ಪ್ರತಿಗಳಿಗೂ ಅದು ಅನ್ವಯಿಸುತ್ತದೆ. ಆದುದರಿಂದ ಅಲ್ಲಿ ಅವಧಿಯನ್ನು ಕಡಿಮೆ ಮಾಡುವುದು ಅಪಾಯಕಾರಿ. ಒಮ್ಮೆ ಅಳಿದ ಪ್ರತಿ, ಟೇಪಿನಲ್ಲಿದ್ದು ಅದರ ಮೇಲೆ ಹೊಸ ಬರಹ ಬೀಳದಿದ್ದರೆ ಮಾತ್ರ ಮರಳಿ ದೊರೆತೀತು.

(ಈ) ಮರುಸ್ಥಾಪಿಸಿ ನೋಡುವುದು. ಆಯ್ದ ಒಂದು ಹಳೆಯ ಕಡತವನ್ನು ಬ್ಯಾಕಪ್‌ನಿಂದ ಮರಳಿ ತೆಗೆದು, ತೆರೆದು, ಓದಿದ ನಂತರವೇ ಪ್ರತಿ ಇದೆ ಎಂದು ನಂಬಬೇಕು.

4. ಕಾನೂನಿನ ಹೊಣೆ

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕರಣ 7ರಂತೆ, ನಿರ್ದಿಷ್ಟ ಅವಧಿಗೆ ಉಳಿಸಬೇಕಾದ ದಾಖಲೆಯನ್ನು ವಿದ್ಯುನ್ಮಾನ ರೂಪದಲ್ಲಿ ಉಳಿಸುವುದಾದರೆ, ಅದು ಮುಂದೆಯೂ ನೋಡಲು ದೊರೆಯುವಂತಿರಬೇಕು. ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4(1)(ಎ) ದಾಖಲೆಗಳನ್ನು ಸೂಚಿ ಸಹಿತ ಕ್ರಮಬದ್ಧವಾಗಿ ಇರಿಸಲು ವಿಧಿಸುತ್ತದೆ. ಅರ್ಜಿಯಲ್ಲಿ ಕೇಳಿದ ಮಾಹಿತಿಯನ್ನು ನಾಶಪಡಿಸಿದರೆ ಪ್ರಕರಣ 20ರಡಿ ದಿನಕ್ಕೆ ₹250ರಂತೆ, ಗರಿಷ್ಠ ₹25,000ದವರೆಗೆ ದಂಡಕ್ಕೆ ಅವಕಾಶವಿದೆ.

5. ಸದಸ್ಯರ ಪಾತ್ರ

ಪಂಚತಂತ್ರ ಮತ್ತು ಇ-ಸ್ವತ್ತು ತಂತ್ರಾಂಶಗಳ ದತ್ತಾಂಶ ಗ್ರಾಮ ಪಂಚಾಯತಿಯ ಗಣಕದಲ್ಲಿರುವುದಿಲ್ಲ. ಅದರ ಬ್ಯಾಕಪ್ ನಿಯಮವನ್ನು ನಿಗದಿಪಡಿಸುವುದು ಸದಸ್ಯರ ಕೈಯಲ್ಲಿಲ್ಲ. ಅಲ್ಲಿ ತಪ್ಪು ಕಂಡರೆ ತಡಮಾಡದೆ ಬರೆದು ತಿಳಿಸುವುದೇ ಅವರ ಕರ್ತವ್ಯ, ಏಕೆಂದರೆ ತಡವಾದ ಪ್ರತಿ ದಿನವೂ ಅವಧಿಯಲ್ಲಿ ಕಳೆಯುತ್ತದೆ. ಆದರೆ ಕಚೇರಿಯ ಗಣಕದಲ್ಲಿರುವ ಸ್ಕ್ಯಾನ್ ಪ್ರತಿಗಳು, ಕಾಮಗಾರಿಯ ಛಾಯಾಚಿತ್ರಗಳು ಹಾಗೂ ಹೊರಗಿನ ಹಾರ್ಡ್ ಡಿಸ್ಕ್ ಪಂಚಾಯತಿಯ ಸ್ವಂತ ಹೊಣೆ. ಅವುಗಳ ಒಂದು ಪ್ರತಿ ಬೇರೊಂದು ಕಟ್ಟಡದಲ್ಲಿ, ನೆರೆ ಮುಟ್ಟದ ಎತ್ತರದಲ್ಲಿ ಇರುವುದು ಕ್ಷೇಮ.

ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ಯಾವ ದಾಖಲೆಗಳ ಪ್ರತಿ ಎಲ್ಲಿದೆ?
2. ಪ್ರತಿಯೊಂದನ್ನೂ ಎಷ್ಟು ಕಾಲ ಉಳಿಸಲಾಗುತ್ತದೆ? ಆ ಅವಧಿಯನ್ನು ನಿರ್ಧರಿಸಿದವರು ಯಾರು?
3. ತಕರಾರಿನಲ್ಲಿರುವ ದಾಖಲೆಗಳಿಗೆ ತಡೆ ವಿಧಿಸಲಾಗಿದೆಯೇ?
4. ಕೊನೆಯ ಬಾರಿ ಬ್ಯಾಕಪ್‌ನಿಂದ ಕಡತವನ್ನು ಮರಳಿ ತೆಗೆದು ನೋಡಿದ್ದು ಯಾವಾಗ?

ಈ ನಾಲ್ಕೂ ಪ್ರಶ್ನೆಗಳ ಉತ್ತರಗಳನ್ನು ನಡಾವಳಿ ವಹಿಯಲ್ಲಿ ದಾಖಲಿಸಿ, ಉತ್ತರ ದೊರೆಯದ ಪ್ರಶ್ನೆಗೆ ಹೊಣೆಗಾರರನ್ನೂ ದಿನಾಂಕವನ್ನೂ ಗೊತ್ತುಪಡಿಸುವುದು ಸೂಕ್ತ.