ಗ್ರೂಪು ಬಿಟ್ಟುಹೋದ ತಮ್ಮನ ಹೆಂಡತಿ

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ತಮ್ಮನ ಹೆಂಡತಿ ಎರಡನೇ ಕೂಸಿಗೆ 9 ತಿಂಗಳ ದಡಾರ-ರುಬೆಲ್ಲಾ ಚುಚ್ಚುಮದ್ದು ಬೇಡ ಅನ್ನುತ್ತಿದ್ದಾಳೆ. ಅದರಿಂದ ಆಟಿಸಂ ಬರುತ್ತದೆಂಬ ವಿಡಿಯೊ ಯಾರೋ ಕಳಿಸಿದ್ದಾರೆ. ಅದು ಸುಳ್ಳೆಂದು ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿನಲ್ಲೇ ವಿವರವಾಗಿ ಬರೆದೆ. ಗ್ರೂಪು ಬಿಟ್ಟುಹೋದಳು. ಮೊದಲ ಮಗುವಿಗೆ ಜ್ವರ ಬಂದಿದ್ದನ್ನೇ ಹಿಡಿದುಕೊಂಡು ಕೂತಿದ್ದಾಳೆ. ಓದಿದವಳೇ. ಏನು ಮಾಡಲಿ?

ಉತ್ತರ: ಮುಖ್ಯವಾದ ಮಾತನ್ನು ನೀವು ಕೊನೆಗೆ, ಅದೂ ದೂರಿನಂತೆ ಹೇಳಿದ್ದೀರಿ. ಈ ಲಸಿಕೆ ಹಾಕಿಸಿದ ವಾರ-ಹತ್ತು ದಿನಕ್ಕೆ ಕೆಲವು ಮಕ್ಕಳಿಗೆ ಮೈ ಕಾಯುತ್ತದೆ, ಸಣ್ಣ ಗುಳ್ಳೆ ಏಳುವುದೂ ಉಂಟು. ತಾನಾಗಿಯೇ ಇಳಿಯುತ್ತದೆ. ಇದನ್ನು ಆಕೆಗೆ ಯಾರಾದರೂ ಮೊದಲೇ ಹೇಳಿದ್ದರೇ? ‘ಏನೂ ಆಗಲ್ಲಮ್ಮ’ ಅಂತ ಕಳಿಸಿರುತ್ತಾರೆ. ನಡುರಾತ್ರಿ ಒದ್ದೆಬಟ್ಟೆ ಹಿಡಿದು ಕೂತವಳಿಗೆ ಸುಳ್ಳಾಗಿ ಕಂಡಿದ್ದು ಆ ಮಾತು. ವಿಡಿಯೊ ಬಂದಿದ್ದು ಆಮೇಲೆ.

ಆಟಿಸಂ ಕತೆ 1998ರದು. ಇಂಗ್ಲೆಂಡಿನ ವೈದ್ಯ ಆ್ಯಂಡ್ರೂ ವೇಕ್‌ಫೀಲ್ಡ್ ಬರೀ 12 ಮಕ್ಕಳನ್ನಿಟ್ಟುಕೊಂಡು ‘ಲ್ಯಾನ್ಸೆಟ್’ನಲ್ಲಿ ಪ್ರಬಂಧ ಬರೆದ. ಲಸಿಕೆ ಕಂಪನಿಗಳ ಮೇಲೆ ದಾವೆ ಹೂಡಲು ಹೊರಟ ವಕೀಲರಿಂದ ಆತ ದುಡ್ಡು ಪಡೆದದ್ದು ಬಯಲಾಯಿತು. 2010ರಲ್ಲಿ ಪತ್ರಿಕೆ ಪ್ರಬಂಧವನ್ನು ವಾಪಸು ಪಡೆಯಿತು, ಆತನ ವೈದ್ಯಕೀಯ ನೋಂದಣಿಯೂ ರದ್ದಾಯಿತು. ವಾಪಸು ಪಡೆಯಲು ಹನ್ನೆರಡು ವರ್ಷ! ಕತೆ ಅಷ್ಟರಲ್ಲಿ ಊರೂರು ತಿರುಗಿತ್ತು. ಕರೆದರೆ ಮಗು ತಿರುಗುವುದಿಲ್ಲ, ಮಾತು ಬರುತ್ತಿಲ್ಲ ಎಂಬುದು ತಾಯಿಯ ಗಮನಕ್ಕೆ ಬರುವುದು ಹೆಚ್ಚಾಗಿ ಒಂದು-ಒಂದೂವರೆ ವರ್ಷಕ್ಕೆ. ಚುಚ್ಚುಮದ್ದುಗಳ ವಯಸ್ಸೂ ಅದೇ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು.

ಇದನ್ನೆಲ್ಲ ನೀವು ಗ್ರೂಪಿನಲ್ಲಿ ಬರೆದಿರಬಹುದು. ಸರಿಯಾಗಿಯೇ ಬರೆದಿರುತ್ತೀರಿ. ಆದರೆ ಅತ್ತೆ-ಮಾವ, ಓರಗಿತ್ತಿಯರ ಕಣ್ಣೆದುರು ಕೆಂಪು ಇಂಕಿನಲ್ಲಿ ತಿದ್ದಿಸಿಕೊಂಡವಳು ಉತ್ತರ ಓದುವಳೇ?

ಭಾನುವಾರ ಒಬ್ಬರೇ ಹೋಗಿ. ಫೋನು ಚೀಲದಲ್ಲಿರಲಿ. ಆ ಜ್ವರದ ರಾತ್ರಿ ಏನಾಯಿತೆಂದು ಕೇಳಿ, ಮುಗಿಸುವವರೆಗೂ ಬಾಯಿ ಹಾಕಬೇಡಿ (ಟೀಚರುಗಳಿಗೆ ಕಷ್ಟವೇ). ಆಮೇಲೆ ಹೇಳಿ: ಈ ಸಲವೂ ಜ್ವರ ಬರಬಹುದು. ದಡಾರವೇ ಬಂದರೆ ನ್ಯುಮೋನಿಯಾಕ್ಕೆ ತಿರುಗಬಹುದು, ಕಣ್ಣಿಗೂ ಕುತ್ತು. ಲಸಿಕೆ ಇಲ್ಲದವರ ನಡುವೆ ಒಬ್ಬರಿಂದ 12ರಿಂದ 18 ಮಂದಿಗೆ ಅಂಟುತ್ತದೆ. ಜ್ವರಕ್ಕೆ ಯಾವ ಔಷಧಿ, ಎಷ್ಟು ಎಂಬುದನ್ನು ನರ್ಸಮ್ಮನ ಹತ್ತಿರ ಆಕೆಯೇ ಕೇಳಲಿ, ಅವರು ಹೇಳಿದ್ದನ್ನು ತಾಯಿ ಕಾರ್ಡಿನ ಅಂಚಿನಲ್ಲಿ ಬರೆದುಕೊಳ್ಳಲಿ. ಚುಚ್ಚಿಸಿದ ಮುಂದಿನ ವಾರ ಎರಡು ರಾತ್ರಿ ಅಲ್ಲೇ ಮಲಗಲು ನಿಮಗಾದೀತೇ, ನೋಡಿ. ವರ್ಷ ತುಂಬುವುದರೊಳಗೆ ಆದರೆ ಒಳ್ಳೆಯದು, ತಡವಾದರೂ ಹಾಕುತ್ತಾರೆ.

ಗ್ರೂಪಿಗೆ ಮತ್ತೆ ಸೇರಿಸುವ ಗಡಿಬಿಡಿ ಬೇಡ.