ಕಣ್ಣಂಚಲ್ಲಿ ಮಿಂಚಿದರೆ ಓಟ ನಿಲ್ಲಿಸಿ

ವಾರವಿಡೀ ಕುರ್ಚಿಯಲ್ಲಿ ಕೂತು, ಭಾನುವಾರ ಬರೀ ಹೊಟ್ಟೆಯಲ್ಲಿ ಒಮ್ಮೆಲೇ ಓಡಲು ಹೊರಡುವವರೇ, ಸ್ವಲ್ಪ ಕೇಳಿ. ಮೈಗ್ರೇನ್ ಇರುವ ಕೆಲವರಿಗೆ ಇಂಥ ದಿಢೀರ್ ಶ್ರಮವೇ ಅದನ್ನು ಕೆರಳಿಸುತ್ತದೆ. ಮೊದಲು ಕಣ್ಣಂಚಿನಲ್ಲಿ ಹೊಳೆಯುವ ಅಂಕುಡೊಂಕು ಗೆರೆ; ಆಮೇಲೆ ಬೆರಳಲ್ಲಿ ಶುರುವಾದ ಜುಮುಜುಮು ನಿಧಾನವಾಗಿ ತೋಳೇರಿ ತುಟಿಯವರೆಗೂ ಬರುವುದುಂಟು, ಮಾತೂ ತಡವರಿಸಬಹುದು. ಒಂದೊಂದು ಲಕ್ಷಣವೂ ಸಾಮಾನ್ಯವಾಗಿ 5ರಿಂದ 60 ನಿಮಿಷ ಇರುತ್ತದೆ. ‘ಇನ್ನೊಂದು ಸುತ್ತು ಮುಗಿಸಿಬಿಡೋಣ’ ಅನ್ನಬೇಡಿ. ನೆರಳಲ್ಲಿ ಕೂತು ನೀರು ಕುಡಿಯಿರಿ. ಆ ಕಣ್ಣಲ್ಲಿ ಬೈಕ್ ಓಡಿಸುವುದಂತೂ ಬೇಡವೇ ಬೇಡ. ವ್ಯಾಯಾಮ ಬಿಡಬೇಕಿಲ್ಲ, ಮುಂದಿನ ಸಲ ಸ್ವಲ್ಪ ಹೊತ್ತು ನಡೆದು ಮೈ ಬಿಸಿಯಾದ ಮೇಲೆ ಓಡಿ. ಆದರೆ ಇಂಥ ಲಕ್ಷಣ ಕಾಣಿಸಿದ್ದು ಮೊದಲ ಸಲವಾದರೆ, ಒಂದು ಪಕ್ಕದ ಕೈಕಾಲು ಹಠಾತ್ತನೆ ಸೋತರೆ, ಇಲ್ಲವೇ ಸಿಡಿಲು ಬಡಿದಂಥ ತಲೆನೋವು ಬಂದರೆ ‘ಮೈಗ್ರೇನೇ ಇರಬೇಕು’ ಎಂದು ಮಲಗಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.