‘ತಲುಪಿದೆ’ ಎಂದು ಬರೆದವರು ಯಾರು?

ಹುಬ್ಬಳ್ಳಿ

ಪ್ರೀತಿಯ ಮಗಳೇ,

ನೀನು ಬರೆದ ಮೂರೂ ಪ್ರಸಂಗಗಳನ್ನು ಓದಿದೆ. ಪುಣೆಗೆ ಕಳಿಸಿದ ಇಳಕಲ್ ಸೀರೆ ‘ಡೆಲಿವರ್ಡ್’ ಎಂದು ತೋರಿಸುತ್ತಿದೆ, ತರಿಸಿಕೊಂಡವರು ಬಂದೇ ಇಲ್ಲ ಅನ್ನುತ್ತಾರೆ. ಅವರಿಗೆ ಹಣ ವಾಪಸ್ ಹೋಗಿ, ಅಷ್ಟೂ ನಿನ್ನ ಖಾತೆಯಿಂದ ಕಡಿತವಾಗಿದೆ. ದಾವಣಗೆರೆಯ ಪಾರ್ಸೆಲ್ಲಿಗೆ ‘ಗ್ರಾಹಕರು ನಿರಾಕರಿಸಿದ್ದಾರೆ’ ಎಂಬ ಷರಾ ಬಿದ್ದಿದೆ, ಆ ಮನೆಯವರು ಮಾತ್ರ ದಿನವಿಡೀ ಬಾಗಿಲು ಕಾಯುತ್ತಿದ್ದರು. ಮೂರನೆಯದನ್ನು ನೀನು ಕೊರಿಯರಿಗೆ ವೇಳೆಗೆ ಸರಿಯಾಗಿ ಒಪ್ಪಿಸಿದ್ದೀ, ಆದರೆ ಮರುದಿನದವರೆಗೆ ಯಾರೂ ಸ್ಕ್ಯಾನ್ ಮಾಡದ ಕಾರಣ ತಡಮಾಡಿದವಳು ನೀನೇ ಎಂದು ಲೆಕ್ಕವಾಯಿತು. ಈ ವ್ಯಾಪಾರವೇ ಸಾಕೆನ್ನಿಸಿದೆ ಎಂದಿದ್ದೀ. ನಿನ್ನ ಹಾಗೆ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಮಾರುವ ಎಷ್ಟೋ ಹುಡುಗ ಹುಡುಗಿಯರಿಗೆ ಇದೇ ಪಾಡು. ಅದಕ್ಕೇ ಈ ಪತ್ರವನ್ನು ಎಲ್ಲರೂ ಓದಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನನ್ನ ದುಡಿಮೆಯ ಬದುಕೆಲ್ಲ ಲಾರಿ ಟ್ರಾನ್ಸ್‌ಪೋರ್ಟಿನ ಬುಕಿಂಗ್ ಕೌಂಟರಿನಲ್ಲಿ ಕಳೆದದ್ದು ನಿನಗೆ ಗೊತ್ತು. ಎಲ್‌ಆರ್ (ಲಾರಿ ರಸೀದಿ) ಬರೆಯುವುದು, ಬಂಡಲ್ ಎಣಿಸುವುದು, ಹರಿದ ಮೂಟೆಗೆ ಷರಾ ಹಾಕುವುದು ನನ್ನ ಕೆಲಸವಾಗಿತ್ತು. ಈಗ ಕಾಗದದ ಜಾಗಕ್ಕೆ ಬಾರ್‌ಕೋಡ್ ಬಂದಿದೆ. ಸರಕು ಕೈಯಿಂದ ಕೈಗೆ ದಾಟುವ ರೀತಿ ಹೆಚ್ಚೇನೂ ಬದಲಾಗಿಲ್ಲ. ಆ ಅನುಭವದ ಬಲದ ಮೇಲೆ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ: ಪರದೆಯ ಮೇಲೆ ಕಾಣುವುದು ಯಾರೋ ಒಬ್ಬರು ಕೊಟ್ಟ ಹೇಳಿಕೆ. ಅದನ್ನು ಪರೀಕ್ಷಿಸಬಹುದು, ಪ್ರಶ್ನಿಸಬಹುದು. ಆದರೆ ಪ್ರಶ್ನಿಸುವವರ ಕೈಯಲ್ಲಿ ತಮ್ಮದೇ ಸಾಕ್ಷಿ ಇರಬೇಕು.

ಮೊದಲು ತಪ್ಪು ಎಲ್ಲಿ ಹುಟ್ಟುತ್ತದೆ ನೋಡು. ಪಾರ್ಸೆಲ್ ಹೋದಲ್ಲೆಲ್ಲ ಅದನ್ನು ಯಾರೋ ನೋಡುತ್ತಿರುತ್ತಾರೆ ಎಂದು ನಾವು ಭಾವಿಸುತ್ತೇವೆ. ಅದನ್ನು ನೋಡುವುದು ಕೆಲವೇ ಜಾಗಗಳಲ್ಲಿ: ನಿನ್ನ ಮನೆಯಿಂದ ಎತ್ತಿದಾಗ, ಹತ್ತಿರದ ಹಬ್ (ಪಾರ್ಸೆಲ್ ವಿಂಗಡಿಸುವ ಕೇಂದ್ರ) ಸೇರಿದಾಗ, ಚೀಲಕ್ಕೆ ಹಾಕಿದಾಗ, ತಲುಪಬೇಕಾದ ಊರಿನ ಹಬ್ಬಿನಲ್ಲಿ ಇಳಿದಾಗ, ಡೆಲಿವರಿಗೆ ಹೊರಟಾಗ, ಬಾಗಿಲಲ್ಲಿ ಕೊಟ್ಟಾಗ. ನಡುವಿನ ದಾರಿಯಲ್ಲಿ ಅದು ಎಲ್ಲಿದೆ ಎಂದು ಕಂಪ್ಯೂಟರಿಗೂ ಗೊತ್ತಿರುವುದಿಲ್ಲ.

ಹಬ್ಬಿನಲ್ಲಿ ಹತ್ತಾರು ಪ್ಯಾಕೆಟ್ಟುಗಳನ್ನು ಒಂದು ಚೀಲಕ್ಕೆ ತುಂಬಿ, ಚೀಲಕ್ಕೇ ಬೇರೆ ಸಂಖ್ಯೆ ಅಂಟಿಸುತ್ತಾರೆ. ಮುಂದೆ ಚೀಲವನ್ನು ಸ್ಕ್ಯಾನ್ ಮಾಡಿದರೆ ಪಟ್ಟಿಯಲ್ಲಿರುವ ಅಷ್ಟೂ ಪ್ಯಾಕೆಟ್ಟುಗಳು ಮುಂದಿನ ಊರಿಗೆ ಹೊರಟವೆಂದು ದಾಖಲಾಗುತ್ತದೆ. ಮದುವೆ ದಿಬ್ಬಣದ ಬಸ್ಸು ಹೊರಟಿತೆಂದರೆ ಎಲ್ಲರೂ ಹತ್ತಿದ್ದಾರೆ ಎಂದುಕೊಂಡ ಹಾಗೆ. ಮೂಲೆಯಲ್ಲಿ ಉಳಿದುಹೋದ ಒಂದು ಪ್ಯಾಕೆಟ್ಟು ಪರದೆಯ ಮೇಲೆ ಪುಣೆ ಮುಟ್ಟಿರುತ್ತದೆ. ಒಂದು ಕಂಪನಿ ಎತ್ತಿದ ಪಾರ್ಸೆಲ್ಲನ್ನು ಇನ್ನೊಂದು ಕಂಪನಿ ತಲುಪಿಸುವುದೂ ಉಂಟು. ಆಗ ಸಂಖ್ಯೆಯೇ ಬದಲಾಗಿ, ನಿನ್ನ ಹತ್ತಿರವಿರುವ ಸಂಖ್ಯೆ ಯಾವುದೋ ಊರಿನಲ್ಲಿ ಸುಮ್ಮನೆ ನಿಂತುಬಿಡುತ್ತದೆ. ನೆಟ್‌ವರ್ಕ್ ಸಿಗದ ಬಡಾವಣೆಯಲ್ಲಿ ಡೆಲಿವರಿ ಹುಡುಗನ ಮೊಬೈಲು ಎಲ್ಲವನ್ನೂ ಹಿಡಿದಿಟ್ಟುಕೊಂಡು ಸಂಜೆ ಒಟ್ಟಿಗೆ ಕಳಿಸಿದರೆ ವೇಳೆಯೂ ಅದಲುಬದಲಾಗುತ್ತದೆ.

ಇನ್ನು ದಾವಣಗೆರೆಯ ಸುಳ್ಳು ಷರಾ. ಡೆಲಿವರಿ ಹುಡುಗರಲ್ಲಿ ಬಹಳ ಮಂದಿಗೆ ಕೂಲಿ ಸಿಗುವುದು ತಲುಪಿಸಿದ ಪ್ಯಾಕೆಟ್ಟಿನ ಲೆಕ್ಕದಲ್ಲಿ. ಹೊತ್ತು ಮುಳುಗಿದರೂ ಚೀಲ ಖಾಲಿಯಾಗದಿದ್ದರೆ, ಉಳಿದವಕ್ಕೆ ‘ಮನೆಯಲ್ಲಿ ಯಾರೂ ಇಲ್ಲ’ ಎಂದೋ ‘ಬೇಡವೆಂದರು’ ಎಂದೋ ಒತ್ತಿದರೆ ಅವತ್ತಿನ ಲೆಕ್ಕ ಮುಗಿಯುತ್ತದೆ. ಇದು ತಪ್ಪೇ. ಆದರೆ ಆ ಹುಡುಗನಿಗೆ ಹಾಗೆ ಒತ್ತದೆ ಬೇರೆ ದಾರಿ ಕಾಣದಂತೆ ಮಾಡಿದ ಗುರಿಗಳನ್ನು ಇಟ್ಟವರು ಮೇಲೆ ಕೂತಿದ್ದಾರೆ. ಇಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದೇ ಕರ್ನಾಟಕ 2025ರಲ್ಲಿ ಕಾನೂನು ಮಾಡಬೇಕಾಯಿತು ಎಂಬುದನ್ನು ನೆನಪಿಡು. ನಿನ್ನ ಸಿಟ್ಟು ಅವನ ಮೇಲೆ ತಿರುಗುವುದು ಬೇಡ.

ಕ್ಯಾಶ್ ಆನ್ ಡೆಲಿವರಿಯಲ್ಲಿ ಇದರ ಪೆಟ್ಟು ಇನ್ನೂ ಜೋರು. 2010ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ ಈ ಪದ್ಧತಿಯನ್ನು ತಂದ ಮೇಲೆ ಕಾರ್ಡು ಇಲ್ಲದವರೂ, ಕಾಣದ ಅಂಗಡಿಯನ್ನು ನಂಬದವರೂ ಆನ್‌ಲೈನ್ ವ್ಯಾಪಾರಕ್ಕೆ ಬಂದರು. ಅದು ಒಳ್ಳೆಯದೇ ಆಯಿತು. ಆದರೆ ಮೊದಲೇ ದುಡ್ಡು ಕೊಟ್ಟವರು ಸುಳ್ಳು ಷರಾ ಕಂಡಾಗ ಫೋನು ಮಾಡಿ ಜಗಳವಾಡುತ್ತಾರೆ, ಕೊಡದವರು ಸುಮ್ಮನೆ ಬೇರೆ ಕಡೆ ಕೊಳ್ಳುತ್ತಾರೆ. ಸೀರೆ ಆರ್‌ಟಿಒ (ರಿಟರ್ನ್ ಟು ಒರಿಜಿನ್) ಆಗಿ ನಿನ್ನ ಬಾಗಿಲಿಗೆ ವಾಪಸ್ ಬರುತ್ತದೆ. ಆದ್ದರಿಂದ ದುಬಾರಿ ಸೀರೆಗಾದರೂ ಮುಂಗಡ ಪಾವತಿಯನ್ನೇ ಕೇಳು.

ಈಗ ನಿನ್ನ ಕೈಯಲ್ಲಿರುವ ಕೆಲಸಕ್ಕೆ ಬರೋಣ. ಎಲ್ಲ ತಪ್ಪೂ ಬೇರೆಯವರದಲ್ಲ. ಹಳೆಯ ಪೆಟ್ಟಿಗೆಯನ್ನು ಮತ್ತೆ ಬಳಸುವಾಗ ಹಳೆಯ ಲೇಬಲ್ಲನ್ನು ಪೂರ್ತಿ ಕಿತ್ತು ತೆಗೆ. ಎರಡು ಬಾರ್‌ಕೋಡ್ ಕಂಡರೆ ಯಂತ್ರ ಯಾವುದನ್ನಾದರೂ ಓದೀತು. ಬಾರ್‌ಕೋಡ್ ಪ್ಯಾಕೆಟ್ಟಿನ ಅಂಚಿಗೆ ಮಡಚಿಕೊಳ್ಳಬಾರದು, ಅದರ ಮೇಲೆ ಹೊಳೆಯುವ ಟೇಪು ಬರಬಾರದು, ಪ್ರಿಂಟನ್ನು ಸಣ್ಣದು ಮಾಡಬಾರದು. ಥರ್ಮಲ್ ಲೇಬಲ್ ಬಿಸಿಲಿಗೆ, ಉಜ್ಜಾಟಕ್ಕೆ ಹಾಳಾಗುತ್ತದೆ. ಅದಕ್ಕಾಗಿ ಆರ್ಡರ್ ಸಂಖ್ಯೆ, ವಿಳಾಸ, ಪಿನ್ ಬರೆದ ಒಂದು ಚೀಟಿಯನ್ನು ಪ್ಯಾಕೆಟ್ಟಿನ ಒಳಗೂ ಇಡು. ಹೊರಗಿನ ಲೇಬಲ್ ಹಾಳಾದರೂ ಹಬ್ಬಿನವರು ತೆರೆದು ನೋಡಿ ದಾರಿ ತೋರಿಸಬಹುದು.

ಎರಡು ಸೀರೆ ಒಟ್ಟಿಗೆ ಕಟ್ಟಿ ಆಮೇಲೆ ಎರಡು ಲೇಬಲ್ ಅಂಟಿಸಬೇಡ. ಒಂದನ್ನು ಕಟ್ಟು, ಅದರ ಲೇಬಲ್ ಅಂಟಿಸು, ಪಕ್ಕಕ್ಕಿಡು, ಆಮೇಲೆ ಮುಂದಿನದು. ಲೇಬಲ್ ಅದಲುಬದಲಾದರೆ ಟ್ರ್ಯಾಕಿಂಗ್ ಎರಡನ್ನೂ ‘ತಲುಪಿದೆ’ ಎಂದೇ ತೋರಿಸುತ್ತದೆ, ಹೊಸ್ತಿಲು ಮಾತ್ರ ಬೇರೆ.

ಪಿನ್ ಕೋಡನ್ನು ಊರಿನ ಹೆಸರಿನೊಂದಿಗೆ ತಾಳೆ ನೋಡದೆ ಕಳಿಸಬೇಡ. 1972ರ ಆಗಸ್ಟ್ 15ರಂದು ಆರಂಕಿಯ ಪಿನ್ ಜಾರಿಗೆ ತಂದದ್ದೇ ಒಂದೇ ಹೆಸರಿನ ಊರುಗಳು, ಬೇರೆ ಬೇರೆ ಲಿಪಿಗಳು ತರುತ್ತಿದ್ದ ಗೊಂದಲವನ್ನು ತಪ್ಪಿಸಲು. ವಿದ್ಯಾನಗರ ಹುಬ್ಬಳ್ಳಿಯಲ್ಲೂ ಇದೆ, ದಾವಣಗೆರೆಯಲ್ಲೂ ಇದೆ. ಹಬ್ಬಿನ ಯಂತ್ರ ಹೆಸರನ್ನು ನೋಡುವುದಿಲ್ಲ, ಅಂಕಿಯನ್ನು ನೋಡುತ್ತದೆ. ಗ್ರಾಹಕರಿಗೆ ಟ್ರ್ಯಾಕಿಂಗ್ ಸಂಖ್ಯೆ ಕಳಿಸುವಾಗಲೂ ಕೈಯಿಂದ ಟೈಪು ಮಾಡದೆ ಕಾಪಿ ಮಾಡಿ ಹಾಕು. ಸ್ಪೀಡ್ ಪೋಸ್ಟಿನ ಸಂಖ್ಯೆಯಲ್ಲಿ ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ‘ಐಎನ್’ ಇರುತ್ತದೆ. ಒಂಬತ್ತನೆಯ ಅಂಕಿಯನ್ನು ಮೊದಲ ಎಂಟು ಅಂಕಿಗಳಿಂದ ಲೆಕ್ಕ ಹಾಕಿ ಇಟ್ಟಿರುತ್ತಾರೆ, ಹಾಗಾಗಿ ಒಂದಂಕಿ ತಪ್ಪಿದರೆ ಸಿಕ್ಕಿಬೀಳುತ್ತದೆ. ಎಲ್ಲ ಕೊರಿಯರ್ ಸಂಖ್ಯೆಗಳಿಗೂ ಅಂಥ ಕಾವಲು ಇದೆ ಎಂದು ನಂಬಬೇಡ.

ಇಷ್ಟು ಮಾಡಿದ ಮೇಲೂ ತಪ್ಪಾಗುತ್ತದೆ. ಆಗ ಬೇಕಾಗುವ ಸಾಕ್ಷಿಯನ್ನು ಪಾರ್ಸೆಲ್ ಮನೆಯಲ್ಲಿರುವಾಗಲೇ ಮಾಡಿಟ್ಟುಕೊಳ್ಳಬೇಕು, ಕಳೆದುಹೋದ ಮೇಲೆ ಅದು ಹುಟ್ಟುವುದಿಲ್ಲ. ಸೀರೆಯ ಸೆರಗು, ಅಂಚು, ತೂಕ, ಲೇಬಲ್ಲಿನ ಸಂಖ್ಯೆ, ಮುಚ್ಚಿ ಅಂಟಿಸಿದ್ದು, ಎಲ್ಲವೂ ನಡುವೆ ಕತ್ತರಿಸದ ಒಂದೇ ವಿಡಿಯೊದಲ್ಲಿ ಬರಲಿ. ಎತ್ತಲು ಬಂದವರಿಂದ ಮ್ಯಾನಿಫೆಸ್ಟ್ ಹಾಳೆಯ (ಒಪ್ಪಿಸಿದ ಪಾರ್ಸೆಲ್ಲುಗಳ ಪಟ್ಟಿ) ಮೇಲೆ ಪ್ಯಾಕೆಟ್ಟುಗಳ ಎಣಿಕೆ, ತಾರೀಕು, ವೇಳೆ, ಸಹಿ ಬರೆಸಿಕೊ. ನಿನ್ನೆದುರೇ ಸ್ಕ್ಯಾನ್ ಮಾಡಲು ಕೇಳು. ಗಡಿಬಿಡಿಯಲ್ಲಿದ್ದರೆ ಸಹಿಯಾದ ಹಾಳೆಯ ಫೋಟೊ ಸಾಕು. ನಿನ್ನ ಮೂರನೆಯ ಪಾರ್ಸೆಲ್ಲಿನ ತಡ ನಿನ್ನದಲ್ಲ ಎಂದು ತೋರಿಸುವ ಕಾಗದ ಅದೊಂದೇ.

ವಾಪಸ್ ಬಂದ ಪಾರ್ಸೆಲ್ಲುಗಳಲ್ಲಿ ಇನ್ನೂ ಎಚ್ಚರ ಬೇಕು. ಹತ್ತು ವಾಪಸ್ ತಂದಿದ್ದೇವೆ ಎಂದು ಓಟಿಪಿ ಕೇಳುತ್ತಾರೆ. ಒಂದೊಂದರ ಸಂಖ್ಯೆಯನ್ನೂ ತಾಳೆ ನೋಡದೆ ಓಟಿಪಿ ಹೇಳಬೇಡ. ಎಂಟೇ ಇದ್ದರೆ ಎಂಟು ಎಂದು ಬರೆದೇ ಸಹಿ ಹಾಕು. ನಮ್ಮ ಕೌಂಟರಿನಲ್ಲಿ ಷರಾ ಇಲ್ಲದೆ ಸಹಿ ಹಾಕಿ ಸರಕು ಒಯ್ದವರ ದೂರು ಆಮೇಲೆ ನಿಲ್ಲುತ್ತಿರಲಿಲ್ಲ. ಇವತ್ತು ಸಹಿಯ ಜಾಗದಲ್ಲಿ ಓಟಿಪಿ ಇದೆ, ಅದಕ್ಕೂ ಸಹಿಯಷ್ಟೇ ಬೆಲೆ. ವಾಪಸ್ ಬಂದದ್ದನ್ನು ತೆರೆಯುವುದೂ ವಿಡಿಯೊದ ಎದುರೇ ಆಗಲಿ.

ದೂರು ಕೊಡುವಾಗ ಗೋಳು ಹೇಳಿಕೊಳ್ಳಬೇಡ, ಪ್ರಶ್ನೆ ಕೇಳು. ಪುಣೆಯ ಸೀರೆಯ ಬಗ್ಗೆ ಇವತ್ತೇ ಬರಹದಲ್ಲಿ ಕೇಳು: ಸ್ವೀಕರಿಸಿದವರ ಹೆಸರೇನು, ಎಷ್ಟು ಗಂಟೆಗೆ, ಓಟಿಪಿ ಬಳಸಿದ್ದರೆ ಅದರ ದಾಖಲೆ ಎಲ್ಲಿ, ಬಾಗಿಲ ಫೋಟೊ ಇದೆಯೇ, ಆಗ ಡೆಲಿವರಿ ಆ್ಯಪ್ ತೋರಿಸಿದ ಸ್ಥಳ ಯಾವುದು? ಫೋನಿನಲ್ಲಿ ಆದ ಮಾತನ್ನೂ ಇಮೇಲಿನಲ್ಲಿ ಮತ್ತೆ ಬರೆದು ಕಳಿಸಿ ಟಿಕೆಟ್ ಸಂಖ್ಯೆ ಪಡೆ. ಕ್ಲೇಮಿನ ಗಡುವು ಒಂದೊಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ಒಂದೊಂದು ಥರ. ಆರ್ಡರ್ ಒಪ್ಪಿಸಿದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕು.

ಕಾನೂನು ಏನು ಹೇಳುತ್ತದೆ ಎಂಬುದೂ ತಿಳಿದಿರಲಿ. 2020ರ ಜುಲೈ 23ರಿಂದ ಜಾರಿಯಲ್ಲಿರುವ ಇ-ಕಾಮರ್ಸ್ ನಿಯಮಗಳ ಪ್ರಕಾರ ಗ್ರಾಹಕರ ದೂರು ಬಂದದ್ದನ್ನು 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಮಾರುವ ನಿನಗೂ ಇದು ಅನ್ವಯಿಸುತ್ತದೆ. ಮಾರುವವರಿಗೂ ಮಾರುಕಟ್ಟೆಗೂ ಮೊದಲೇ ಲಿಖಿತ ಒಪ್ಪಂದ ಇರಬೇಕೆಂದು ಅದೇ ನಿಯಮ ಹೇಳುತ್ತದೆ. ಖಾತೆ ತೆರೆಯುವಾಗ ಓದದೆ ಒಪ್ಪಿಗೆ ಒತ್ತಿದೆಯಲ್ಲ, ಅದನ್ನು ಈಗ ಕೂತು ಓದು. ದಾರಿಯಲ್ಲಿ ಕಳೆದದ್ದಕ್ಕೆ ಹೊಣೆ ಯಾರು ಎಂಬುದು ಅಲ್ಲಿರುತ್ತದೆ.

ನೀನೇ ನೇರವಾಗಿ ಖಾಸಗಿ ಕೊರಿಯರಿಗೆ ಕೊಟ್ಟು ರಸ್ತೆಯಲ್ಲಿ ಹೋದ ಸರಕಾದರೆ, 2007ರ ರಸ್ತೆ ಸಾಗಣೆ ಕಾಯ್ದೆ ಇದೆ. ಕೊರಿಯರ್ ಸಂಸ್ಥೆಗಳೂ ಅದರ ವ್ಯಾಪ್ತಿಯಲ್ಲಿವೆ. ಅಂಚೆ ಸರ್ಕಾರದ್ದಾದ್ದರಿಂದ ಅದಕ್ಕೆ ಬೇರೆ ನಿಯಮ. ಸರಕು ಕಳೆದರೆ, ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಬರಹದಲ್ಲಿ ನೋಟಿಸ್ ಕೊಟ್ಟಿರಬೇಕು, ಇಲ್ಲವಾದರೆ ಮುಂದೆ ದಾವೆ ಹೂಡಲು ಬರುವುದಿಲ್ಲ. ಹೆಚ್ಚಿನ ಅಪಾಯದ ದರ ಕಟ್ಟದಿದ್ದರೆ ಸಿಗುವ ಪರಿಹಾರಕ್ಕೆ ಸಾಗಣೆ ದರದ ಹತ್ತು ಪಟ್ಟಿನ ಮಿತಿಯಿದೆ. ಉದಾಹರಣೆಗೆ 80 ರೂಪಾಯಿ ಕೊಟ್ಟು ಕಳಿಸಿದ ಸೀರೆಗೆ 800 ರೂಪಾಯಿ, ಸೀರೆಯ ಬೆಲೆ 6,000 ಇದ್ದರೂ. ಬೆಲೆಬಾಳುವುದನ್ನು ವಿಮೆಯಿಲ್ಲದೆ ಕಳಿಸಬೇಡ ಎಂದು ನಾನು ಹೇಳುತ್ತಿದ್ದುದು ಇದಕ್ಕೇ.

ಇನ್ನು ಗ್ರಾಹಕರ ವಿಷಯ. ‘ಡೆಲಿವರ್ಡ್’ ಅಂತ ತೋರಿಸುತ್ತಿದೆ, ನೀವು ಸುಳ್ಳು ಹೇಳುತ್ತಿದ್ದೀರಿ ಎಂಬ ಮಾತು ನಿನ್ನ ಬಾಯಲ್ಲಿ ಬರಬಾರದು. ಮೋಸ ಮಾಡುವವರು ಇದ್ದಾರೆ, ನಿಜ. ಆದರೆ ಒಬ್ಬ ಮೋಸಗಾರನನ್ನು ಹಿಡಿಯಲು ಹೋಗಿ ಹತ್ತು ಜನ ಪ್ರಾಮಾಣಿಕರನ್ನು ಅವಮಾನಿಸಿದರೆ ವ್ಯಾಪಾರ ಉಳಿಯುವುದಿಲ್ಲ. ಮನೆಯವರನ್ನು, ಅಪಾರ್ಟ್‌ಮೆಂಟಿನ ಕಾವಲುಗಾರನನ್ನು, ಪಕ್ಕದ ಮನೆಯವರನ್ನು ಕೇಳಲು ವಿನಯದಿಂದ ಹೇಳು. ನೀನೂ ದೂರು ಕೊಟ್ಟಿದ್ದೀ ಎಂದು ಟಿಕೆಟ್ ಸಂಖ್ಯೆ ಕಳಿಸು. ಪಾರ್ಸೆಲ್ ಎಲ್ಲೋ ನಿಂತಿದೆ ಎಂದು ಕಂಡ ದಿನವೇ, ಅವರು ಕೇಳುವ ಮೊದಲೇ, ನೀನೇ ತಿಳಿಸು. ವಿಳಾಸ ಅಪೂರ್ಣವಾಗಿದೆ, ಲಿಂಕ್ ಒತ್ತಿ ದುಡ್ಡು ಕಟ್ಟಿ ಎಂದು ಅಂಚೆ, ಕೊರಿಯರ್ ಹೆಸರಿನಲ್ಲಿ ಬರುವ ಸಂದೇಶಗಳನ್ನು ನಂಬಬೇಡಿ ಎಂದೂ ಎಚ್ಚರಿಸು. ಪಾರ್ಸೆಲ್ಲಿಗಾಗಿ ಕಾಯುತ್ತಿರುವವರೇ ಅಂಥ ಮೋಸಕ್ಕೆ ಸುಲಭವಾಗಿ ಬೀಳುತ್ತಾರೆ.

ಕೊನೆಯದಾಗಿ, ಒಬ್ಬಳೇ ಹೋರಾಡಬೇಡ. ಇಳಕಲ್ಲಿನಲ್ಲಿ, ಗುಳೇದಗುಡ್ಡದಲ್ಲಿ ಆನ್‌ಲೈನ್‌ನಲ್ಲಿ ಮಾರುವವರು ಸೇರಿ ಒಂದೇ ರೀತಿಯ ರಿಜಿಸ್ಟರ್ ಇಡಿ: ಆರ್ಡರ್ ಸಂಖ್ಯೆ, ಒಪ್ಪಿಸಿದ ತಾರೀಕು, ತೂಕ, ಪಿನ್, ಬಿದ್ದ ಷರಾ, ಗ್ರಾಹಕರು ಹೇಳಿದ ನಿಜ. ತಿಂಗಳಿಗೊಮ್ಮೆ ಎಲ್ಲರದನ್ನೂ ಎದುರಿಟ್ಟು ನೋಡಿ. ಒಬ್ಬಳ ಒಂದು ಸುಳ್ಳು ಷರಾವನ್ನು ಅಪರೂಪದ ಪ್ರಸಂಗ ಎಂದು ತಳ್ಳಿಹಾಕುತ್ತಾರೆ. ಒಂದೇ ಪಿನ್ನಿನಲ್ಲಿ, ಒಂದೇ ವಾರದಲ್ಲಿ, ಹಲವರ ಪಾರ್ಸೆಲ್ಲುಗಳಿಗೆ ಅದೇ ಷರಾ ಬಿದ್ದದ್ದನ್ನು ತೋರಿಸಿದರೆ ಉತ್ತರ ಕೊಡಲೇಬೇಕಾಗುತ್ತದೆ. ಆಗ ಎರಡು ಬೇಡಿಕೆ ಇಡಿ. ಒಪ್ಪಿಸಿದ್ದಕ್ಕೆ ಸಹಿಯಾದ ಹಾಳೆ ಇರುವಾಗ ಸ್ಕ್ಯಾನ್ ತಡವನ್ನು ಮಾರುವವರ ಲೆಕ್ಕಕ್ಕೆ ಹಾಕಬಾರದು. ಷರಾ ತಪ್ಪು ಎಂದು ಮಾರುವವರೂ ಕೊಳ್ಳುವವರೂ ಇಬ್ಬರೂ ಹೇಳಿದರೆ, ತನಿಖೆ ಮುಗಿಯುವ ಮುಂಚೆ ಹಣ ಕಡಿಯಬಾರದು. ಸೀರೆಯನ್ನು ಮಗ್ಗದಿಂದ ಇಳಿಸಿದವರು, ಕಟ್ಟಿ ಕಳಿಸಿದವರು, ಹೊತ್ತು ತಿರುಗಿದವರು, ಈ ಮೂವರೂ ಸಣ್ಣವರು. ದಾರಿಯಲ್ಲಿ ಆದ ನಷ್ಟವನ್ನೆಲ್ಲ ಇವರ ಮೇಲೇ ಹೇರುವ ಪದ್ಧತಿ ನ್ಯಾಯವಲ್ಲ. ಅದನ್ನು ಬದಲಿಸಲು ನಿನ್ನಂಥವರ ಅಚ್ಚುಕಟ್ಟಾದ ಲೆಕ್ಕವೇ ಬೇಕು. ವ್ಯಾಪಾರ ಬಿಡಬೇಡ, ಮಗಳೇ. ನಾಳೆಯ ಮೊದಲ ಪ್ಯಾಕೆಟ್ಟಿನಿಂದಲೇ ರಿಜಿಸ್ಟರ್ ಶುರುಮಾಡು. ಪುಣೆಯ ಸೀರೆಯ ಬಗ್ಗೆ ಏನು ಉತ್ತರ ಬಂತು ಬರೆ, ಮುಂದಿನ ಪತ್ರವನ್ನು ಕೂತು ಒಟ್ಟಿಗೇ ಬರೆಯೋಣ.

ನಿನ್ನ
ಕಾಕಾ